ಎಂಜಿನ್ ಎರಡು, ರೋಟರ್ ಒಂದೇ: ಧ್ರುವ್ ಹೆಲಿಕಾಪ್ಟರ್ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆ

2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಉಕ್ಕಿ ಹರಿದಾಗ ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ಮುನಿರಾಬಾದ್ ಡ್ಯಾಂನಿಂದ ಬಿಟ್ಟ ನೀರು ಗಡ್ಡೆಯನ್ನು ಸುತ್ತುವರಿದಿತ್ತು. ಬೋಟ್‌ಗಳ ಜತೆ ಹೆಲಿಕಾಪ್ಟರ್ ಕೂಡ ರಕ್ಷಣೆಗೆ ಬರಬೇಕಾಯಿತು. ನಮ್ಮ ಭಾಗದ ಜನ ಸೇನಾ ಹೆಲಿಕಾಪ್ಟರ್ ಹತ್ತಿರದಿಂದ ನೋಡುವುದು ಯುದ್ಧದಲ್ಲಲ್ಲ, ಹೀಗೆ ಹೊಳೆ ಬಂದಾಗ.

ಹಾಗಾಗಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ 'ಧ್ರುವ್' ಬಗ್ಗೆ ಸುದ್ದಿ ಬಂದಾಗಲೆಲ್ಲ ಅದು ನಮಗೂ ಸಂಬಂಧಿಸಿದ್ದೇ. 2025ರ ಜನವರಿ 5ರಂದು ಗುಜರಾತಿನ ಪೋರಬಂದರ್‌ನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದು ಮೂವರು ಸಿಬ್ಬಂದಿ ತೀರಿಕೊಂಡರು. ಆಮೇಲೆ ದೇಶದ ಎಲ್ಲ ಧ್ರುವ್‌ಗಳನ್ನೂ ನೆಲಕ್ಕಿಳಿಸಲಾಯಿತು. ಭೂಸೇನೆ ಮತ್ತು ವಾಯುಪಡೆಯ ಧ್ರುವ್‌ಗಳಿಗೆ ಮತ್ತೆ ಹಾರಲು ಅನುಮತಿ ಸಿಗಲು ಸುಮಾರು ನಾಲ್ಕು ತಿಂಗಳು ಹಿಡಿಯಿತು. ಯಾಕೆ ಹೀಗಾಯ್ತು ಅಂತ ತಿಳಿಯಬೇಕಾದರೆ ಯಂತ್ರವನ್ನೇ ಸ್ವಲ್ಪ ಬಿಚ್ಚಿ ನೋಡಬೇಕು.

ಎಲ್ಲಾ ಕೆಲಸಕ್ಕೂ ಒಂದೇ ಗಾಡಿ

ಧ್ರುವ್ ಒಂದು 'ಯುಟಿಲಿಟಿ' ಹೆಲಿಕಾಪ್ಟರ್. ಗಂಗಾವತಿ ಕಡೆ ಟಾಟಾ ಏಸ್ ಬೆಳಿಗ್ಗೆ ಭತ್ತದ ಚೀಲ ಹೊರುತ್ತದೆ, ಸಂಜೆ ಮದುವೆಗೆ ಜನರನ್ನು ಒಯ್ಯುತ್ತದೆ. ಇದೂ ಹಾಗೇ. ಸೈನಿಕರು, ಸಾಮಾನು, ಗಾಯಾಳುಗಳು, ಪ್ರವಾಹದಲ್ಲಿ ಸಿಕ್ಕವರು, ಎಲ್ಲರಿಗೂ ಇದೇ ಗಾಡಿ. ಇಬ್ಬರು ಪೈಲಟ್‌ಗಳ ಜತೆ 12ರಿಂದ 14 ಮಂದಿ ಕೂರಬಹುದು. ಸ್ಟ್ರೆಚರ್ ಒಳಗೆ ತಳ್ಳಲು ಹಿಂಭಾಗದಲ್ಲಿ ಎರಡು ಪಾಲಾಗಿ ತೆರೆಯುವ ಬಾಗಿಲಿದೆ. ಭೂಸೇನೆ, ವಾಯುಪಡೆಯದಕ್ಕೆ ಸ್ಕಿಡ್. ನೌಕಾಪಡೆ, ಕರಾವಳಿ ಕಾವಲು ಪಡೆಯದಕ್ಕೆ ಚಕ್ರ.

1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಇದರ ಮೊದಲ ಹಾರಾಟ ನಡೆಯಿತು. ವಿನ್ಯಾಸಕ್ಕೆ ಜರ್ಮನಿಯ ಎಂಬಿಬಿ ಕಂಪನಿಯ ನೆರವಿತ್ತು. ಈಗಿನ ಮಾದರಿಗಳಲ್ಲಿ ಫ್ರೆಂಚ್ ಕಂಪನಿಯ ಜತೆ ಸೇರಿ ರೂಪಿಸಿದ ಎರಡು 'ಶಕ್ತಿ' ಎಂಜಿನ್‌ಗಳಿವೆ.

ಗಾಳಿಯ ಲೆಕ್ಕ

ಹೆಲಿಕಾಪ್ಟರ್ ನಿಂತಲ್ಲೇ ತೇಲುವುದು ಗಾಳಿಯನ್ನು ಕೆಳಗೆ ತಳ್ಳಿ. ಧ್ರುವ್‌ನ ರೋಟರ್ ವ್ಯಾಸ 13.2 ಮೀಟರ್, ಅಂದರೆ ಅದು ತಿರುಗುವ ವೃತ್ತದ ವಿಸ್ತೀರ್ಣ ಸುಮಾರು 137 ಚದರ ಮೀಟರ್. 5,500 ಕಿಲೋ ತೂಕವನ್ನು ಅದರಿಂದ ಭಾಗಿಸಿದರೆ ಚದರ ಮೀಟರಿಗೆ 40 ಕಿಲೋ ಬರುತ್ತದೆ. ನಾನು ಲೆಕ್ಕ ಹಾಕಿದಂತೆ, ಪೂರ್ಣ ತೂಕದಲ್ಲಿ ತೇಲುವಾಗ ರೋಟರ್ ದಾಟುವ ಗಾಳಿಯ ವೇಗ ಗಂಟೆಗೆ 47 ಕಿ.ಮೀ. ಆಸುಪಾಸು, ಕೆಳಗಿಳಿಯುತ್ತ ಅದು ಇನ್ನೂ ಹೆಚ್ಚುತ್ತದೆ. ನೆರೆಯಲ್ಲಿ ಹೆಲಿಕಾಪ್ಟರ್ ಬಂದರೆ ತಗಡು ಹಾರುವುದು, ಬೋಟ್ ಅಲುಗಾಡುವುದು ಇದಕ್ಕೇ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 6,000 ಮೀಟರ್ ಎತ್ತರದಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ಅರ್ಧದಷ್ಟೇ. ಸಿಯಾಚಿನ್‌ಗೆ ಬೇಕು ಅಂತ ಇಟ್ಟ ಎಂಜಿನ್ ಬಲ ತಗ್ಗಿನ ಕೊಪ್ಪಳದಲ್ಲಿ ಉಳಿತಾಯವಾಗಿ ಒದಗುತ್ತದೆ. ಹೊಳೆಯ ಮೇಲೆ ಹಗ್ಗ ಬಿಟ್ಟು ಜನರನ್ನು ಎಳೆದುಕೊಳ್ಳುವಾಗ ಒಂದು ಎಂಜಿನ್ ಕೈಕೊಟ್ಟರೆ ಇದೇ ಉಳಿತಾಯ ಜೀವ ಕಾಯಬಹುದು. ಒಂದೇ ಎಂಜಿನ್ ಇದ್ದರೆ? ಸಾಕಷ್ಟು ಎತ್ತರವೋ ಮುಂದಿನ ವೇಗವೋ ಇದ್ದಾಗ, ಕೆಳಗಿನಿಂದ ಬರುವ ಗಾಳಿಯಿಂದಲೇ ರೋಟರ್ ತಿರುಗಿಸಿ ಇಳಿಯುವ ಉಪಾಯವಿದೆ. ಆದರೆ ಮೂವತ್ತು ಮೀಟರ್ ಮೇಲೆ ನಿಂತಲ್ಲೇ ತೇಲುವಾಗ ಆ ಉಪಾಯಕ್ಕೆ ಸಮಯವೇ ಸಿಗುವುದಿಲ್ಲ.

ಎಚ್‌ಎಎಲ್‌ನದೇ ಹಗುರ ಹೆಲಿಕಾಪ್ಟರ್ ಎಲ್‌ಯುಎಚ್ ಒಂದೇ ಎಂಜಿನ್ನಿನದು. ತೂಕ ಸುಮಾರು ಮೂರು ಟನ್, ಮೊದಲ ಹಾರಾಟ 2016ರಲ್ಲಿ. ಅದನ್ನು ಕಟ್ಟಲೆಂದೇ ಗುಬ್ಬಿ ತಾಲೂಕಿನಲ್ಲಿ ಕಾರ್ಖಾನೆ ಎದ್ದಿದೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹಳೆಯ ಚೀತಾ, ಚೇತಕ್‌ಗಳ ಜಾಗ ತುಂಬುವುದು ಅದರ ಕೆಲಸ, ಧ್ರುವ್‌ನ ಜಾಗವನ್ನಲ್ಲ.

ಜೋಡಿ ಇಲ್ಲದ ಭಾಗ

ಇಷ್ಟಕ್ಕೂ ಎರಡು ಎಂಜಿನ್ ಇದ್ದ ಧ್ರುವ್‌ಗೆ ಏನಾಯಿತು? ಪೋರಬಂದರ್ ತನಿಖೆಯಲ್ಲಿ ಬೆರಳು ಹೋದದ್ದು ಸ್ವಾಶ್‌ಪ್ಲೇಟ್ ಮೇಲೆ. ಅದರ ತಿರುಗದ ಭಾಗದಲ್ಲಿ ಮುರಿತ ಕಂಡಿತು. ಬೀಸುಕಲ್ಲು ನೆನಪಿಸಿಕೊಳ್ಳಿ. ಕೆಳಗಿನದು ನಿಂತಿರುತ್ತದೆ, ಮೇಲಿನದು ತಿರುಗುತ್ತದೆ. ಸ್ವಾಶ್‌ಪ್ಲೇಟ್ ಕೂಡ ಅಂಥದ್ದೇ ಜೋಡಿ, ನಡುವೆ ಬೇರಿಂಗ್. ಪೈಲಟ್ ಕಡ್ಡಿ ಸರಿಸಿದರೆ ಕೆಳಗಿನ ತಟ್ಟೆ ವಾಲುತ್ತದೆ, ಮೇಲಿನದೂ ವಾಲುತ್ತದೆ, ಅದಕ್ಕೆ ಜೋಡಿಸಿದ ರೆಕ್ಕೆಗಳ ಓರೆ ಬದಲಾಗುತ್ತದೆ. ಅದು ಮುರಿದರೆ ಎರಡೂ ಎಂಜಿನ್ ಚೆನ್ನಾಗಿದ್ದರೂ ಹೆಲಿಕಾಪ್ಟರ್ ಪೈಲಟ್ ಮಾತು ಕೇಳುವುದಿಲ್ಲ.

ಮುನಿರಾಬಾದ್ ಜನಕ್ಕೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 33 ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕೈಕೊಟ್ಟಿದ್ದು ಇಡೀ ಅಣೆಕಟ್ಟಲ್ಲ, ಒಂದು ಚೈನ್.

ಬೈಂಡಿಂಗ್ ವೈರನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ಲಟಕ್ ಅನ್ನುತ್ತದೆ. ಇಂಜಿನಿಯರಿಂಗ್ ಕ್ಲಾಸಿನಲ್ಲಿ ಇದನ್ನೇ ನಮಗೆ 'ಫಟೀಗ್' ಅಂತ ಕಲಿಸಿದ್ದು. ನಿಮಿಷಕ್ಕೆ 300 ಸುತ್ತು ಅಂದುಕೊಂಡರೂ ಒಂದು ಗಂಟೆಯ ಹಾರಾಟದಲ್ಲಿ ಈ ಭಾಗಗಳ ಮೇಲೆ 18,000 ಸಲ ಹೊರೆ ಏರಿಳಿಯುತ್ತದೆ. 2023ರಲ್ಲೂ ಧ್ರುವ್‌ಗಳು ನಿಂತಿದ್ದವು. ಆಗ ಅನುಮಾನ ಬಂದದ್ದು ರೆಕ್ಕೆಗಳ ಓರೆ ನಿಯಂತ್ರಿಸುವ ಅಲ್ಯೂಮಿನಿಯಂ ರಾಡ್ ಮೇಲೆ. ಅದನ್ನು ಉಕ್ಕಿನದಕ್ಕೆ ಬದಲಾಯಿಸಿದರು. ರಾಡ್ ಆಮೇಲೆ ಸ್ವಾಶ್‌ಪ್ಲೇಟ್, ಎರಡೂ ಒಂದೇ ನಿಯಂತ್ರಣ ಸರಪಳಿಯ ಕೊಂಡಿಗಳು.

ಇದರಿಂದ ಧ್ರುವ್ ಕೆಟ್ಟ ಹೆಲಿಕಾಪ್ಟರ್ ಅಂತ ನಾನು ಹೇಳುವುದಿಲ್ಲ. ಸಿಯಾಚಿನ್‌ನಿಂದ ಸಮುದ್ರದವರೆಗೆ ದುಡಿದ ಯಂತ್ರ ಅದು. ಆದರೆ ಎಲ್ಲಾ ಕಡೆ ದುಡಿಯುವುದರಿಂದಲೇ ಪ್ರಶ್ನೆ ಏಳುತ್ತದೆ. ಉಪ್ಪುಗಾಳಿಯಲ್ಲಿ, ಹಡಗಿನ ಮೇಲೆ, ಹಿಮದಲ್ಲಿ ಹಾರುವ ಹೆಲಿಕಾಪ್ಟರ್‌ಗಳಿಗೆ ಒಂದೇ ತಪಾಸಣಾ ಅವಧಿ ಸಾಕೇ? ಜೋಡಿ ಇಲ್ಲದ ಭಾಗಗಳನ್ನು ಎಷ್ಟು ಗಂಟೆಗೆ ಬದಲಿಸಬೇಕು? ಸೇನಾ ಅಪಘಾತಗಳ ವರದಿಗಳು ಸಾಮಾನ್ಯವಾಗಿ ಪೂರ್ತಿ ಹೊರಬರುವುದಿಲ್ಲ. ರಹಸ್ಯದ ಭಾಗ ಬಿಡಿ, ಮುರಿದ ಭಾಗ ಯಾವುದು, ಏನು ಬದಲಾಯಿತು ಎಂಬ ಎರಡು ಪುಟದ ಸಾರಾಂಶವನ್ನಾದರೂ ಎಚ್‌ಎಎಲ್ ಮತ್ತು ರಕ್ಷಣಾ ಇಲಾಖೆ ಪ್ರಕಟಿಸಬಹುದು. ಮುಂದಿನ ನೆರೆಯಲ್ಲಿ ಹಗ್ಗಕ್ಕೆ ಜೋತುಬೀಳುವ ಯೋಧನಿಗೂ, ಗಡ್ಡೆಯ ಮೇಲೆ ಕೈ ಬೀಸುವವನಿಗೂ ಅಷ್ಟು ತಿಳಿಯುವ ಹಕ್ಕಿದೆ.