ಏಳಕ್ಕೆ ಬದಲು ಎಂಟು

ಅಜ್ಜಂಪುರದಲ್ಲಿರುವ ನನ್ನ ಹಳೆಯ ಲೆಕ್ಕದ ಮೇಷ್ಟ್ರಿಗೆ ಬರೆದ ಕಾಗದವೊಂದು ಕಡೂರಿಗೆ ಹೋಗಿ, ಅಲ್ಲಿಂದ ತಿರುಗಿ ಅವರ ಕೈ ಸೇರಿತು. ತಪ್ಪು ನನ್ನದೇ. ಅಜ್ಜಂಪುರದ ಪಿನ್ ಕೋಡ್ 577547, ಕಡೂರಿನದು 577548. ನಾನು ಏಳಕ್ಕೆ ಬದಲು ಎಂಟು ಬರೆದಿದ್ದೆ. ಮೇಷ್ಟ್ರ ಪತ್ನಿ ತೀರಿಕೊಂಡರೆಂದು ಕೇಳಿ ಬರೆದ ಕಾಗದವದು. ವೈಕುಂಠ ಸಮಾರಾಧನೆ ಮುಗಿದ ಮೇಲೆ ತಲುಪಿತು. ಮರುಟಪ್ಪಾಲಿಗೆ ಅವರ ಕಾರ್ಡು ಬಂತು: "ಒಂದೇ ಒಂದರ ಅಂತರವೆಂದು ಹಗುರವಾಗಿ ಎಣಿಸಬೇಡ. ಎರಡನ್ನೂ ಒಡೆದು ನೋಡಿ ತಿಳಿಸು." ದುಃಖದ ಮಾತು ಒಂದೂ ಇರಲಿಲ್ಲ.

ಈ ಆರಂಕಿಯ ಪದ್ಧತಿ ನಮ್ಮಲ್ಲಿ ಜಾರಿಗೆ ಬಂದುದು 1972ರ ಆಗಸ್ಟ್ 15ರಂದು. ಕೊನೆಯ ಮೂರು ಅಂಕಿಗಳು ಅಂಚೆಕಚೇರಿಯನ್ನು ಸೂಚಿಸುತ್ತವೆ. ಗಣಿತಕ್ಕೆ ಅದು ಬೇಕಿಲ್ಲ.

ಕಡೂರಿನ ಸಂಖ್ಯೆ ಸುಲಭವಾಗಿ ಒಡೆಯಿತು. ಕೊನೆಯ 48 ನಾಲ್ಕರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 36, ಆದುದರಿಂದ ಒಂಬತ್ತರಿಂದಲೂ ಭಾಗ ಹೋಗುತ್ತದೆ. ಉಳಿದ 16043 ಎಂಬುದು 61 ಮತ್ತು 263ರ ಗುಣಲಬ್ಧ. ಒಟ್ಟು ಭಾಜಕಗಳು 36. ತನ್ನನ್ನು ಬಿಟ್ಟು ಮಿಕ್ಕವನ್ನು ಕೂಡಿದರೆ 9,11,940, ಸಂಖ್ಯೆಗಿಂತಲೂ ಹೆಚ್ಚು. ಕ್ರಿ.ಶ. 100ರ ಸುಮಾರಿನ ಗ್ರೀಕ್ ಲೇಖಕ ನಿಕೊಮ್ಯಾಕಸ್ ಇಂಥವನ್ನು ಸಮೃದ್ಧ ಸಂಖ್ಯೆಗಳೆಂದು ಕರೆದು, ಅವಯವಗಳು ಅತಿಯಾದ ಪ್ರಾಣಿಗೆ ಹೋಲಿಸಿದ. ಮೊತ್ತ ಕಡಿಮೆಯಾದರೆ ನ್ಯೂನ. 6 ಮತ್ತು 28ರಲ್ಲಿರುವಂತೆ ಸರಿಸಮವಾದರೆ ಪರಿಪೂರ್ಣ.

ಅಜ್ಜಂಪುರ ಮಾತ್ರ ಜಗ್ಗಲಿಲ್ಲ. 577547ರ ವರ್ಗಮೂಲ 760ಕ್ಕೆ ತುಸು ಕಡಿಮೆ. ಭಾಜಕಗಳು ಜೋಡಿಯಾಗಿ ಬರುವುದರಿಂದ, ಜೋಡಿಯಲ್ಲಿ ಚಿಕ್ಕದು ಅದರೊಳಗೇ ಸಿಕ್ಕಬೇಕು. ಅಲ್ಲಿಯವರೆಗೆ ಇರುವ ಅವಿಭಾಜ್ಯ ಸಂಖ್ಯೆಗಳು 134. ಅವುಗಳಲ್ಲಿ 2, 3, 61, 263 ಈ ನಾಲ್ಕನ್ನು ಪರೀಕ್ಷಿಸಬೇಕಾಗಿರಲಿಲ್ಲ: ನೆರೆಯ ಕಡೂರನ್ನು ಭಾಗಿಸುವುದು ಒಂದೇ ಕಡಿಮೆಯಾದ ಅಜ್ಜಂಪುರವನ್ನು ಭಾಗಿಸಲಾರದು. ಅಕ್ಕಪಕ್ಕದ ಸಂಖ್ಯೆಗಳಿಗೆ ಒಂದನ್ನುಳಿದು ಸಮಾನ ಭಾಜಕವೇ ಇಲ್ಲ! ಮಿಕ್ಕ 130 ಭಾಗಾಕಾರಗಳಿಗೆ ಮೂರು ಸಂಜೆ ಹಿಡಿಯಿತು. ಗಣಕಯಂತ್ರಕ್ಕೆ ಕಣ್ಣುಮಿಟುಕಿಸುವಷ್ಟರ ಕೆಲಸ, ನಿಜ. ಆದರೆ ಮೇಷ್ಟ್ರು ಕೇಳಿದ್ದು ನನ್ನನ್ನು. 139ರಿಂದ ಭಾಗಿಸಿದಾಗ 2 ಉಳಿಯಿತು, 277ರಲ್ಲಿಯೂ 2. ಸಿಕ್ಕಿತು ಎಂದುಕೊಂಡದ್ದು ಎರಡು ಸಲವೂ ಜಾರಿತು. ಕೊನೆಯ 757ರಲ್ಲಿ 713 ಉಳಿದಾಗ ಸಂದೇಹ ತೀರಿತು. 577547 ಅವಿಭಾಜ್ಯ. ತನ್ನನ್ನು ಬಿಟ್ಟರೆ ಅದಕ್ಕಿರುವ ಭಾಜಕ ಒಂದೇ ಒಂದು, ಅದೂ 1.

ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದುದರಿಂದ ಆ ಊರನ್ನೂ ನೋಡಿದೆ. 577228 ಎಂದರೆ 144307ರ ನಾಲ್ಕರಷ್ಟು. ಈ 144307 ಕೂಡ ಅವಿಭಾಜ್ಯವೇ. ಭಾಜಕಗಳು ಆರು, ತನ್ನನ್ನು ಬಿಟ್ಟು ಮೊತ್ತ 4,32,928: ನ್ಯೂನ ಸಂಖ್ಯೆ.

ಉತ್ತರವನ್ನು ಟಪ್ಪಾಲಿಗೆ ಹಾಕಲು ಧೈರ್ಯ ಬರಲಿಲ್ಲ. ಬೀರೂರಿನ ಮೇಲೆ ರೈಲಿನಲ್ಲಿ ಹೋಗಿ ಕೈಗೇ ಕೊಟ್ಟೆ. ಒಳಮನೆಯಲ್ಲಿ ಸದ್ದಿರಲಿಲ್ಲ. ಮೇಷ್ಟ್ರು ಕನ್ನಡಕ ಏರಿಸಿ ನನ್ನ ಹಾಳೆಗಳನ್ನು ತಿರುವಿದರು. ಬಳಿಕ ಪೆನ್ಸಿಲ್ ತೆಗೆದುಕೊಂಡು, 751ರ ಭಾಗಾಕಾರವನ್ನು ಹಾಳೆಯ ಅಂಚಿನಲ್ಲಿ ತಾವೇ ಮೊದಲಿಂದ ಮಾಡಿ ನೋಡಿದರು. 28 ಉಳಿಯಿತು. "ಕೂತುಕೋ, ಊಟ ಮಾಡಿಕೊಂಡು ಹೋಗು" ಎಂದರು.