ಹೊಳೆಯ ಮೀನು ರೋಗಿಯಾದಾಗ

ಮುಂಗಾರಿನ ಹೊಸನೀರು ಬಂದಾಗ ಕಿತ್ತೂರಿನ ಸಮೀಪದ ಎಂ. ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯು ಕೆಂಪಾಗಿ ಹರಿಯುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಇಂತಹ ನೀರು ಬಂದೊಡನೆ ಗೆಂಡೆಯ ಜಾತಿಯ ಮೀನುಗಳು ಮೊಟ್ಟೆಯಿಡಲು ತಕ್ಕ ಎಡೆಯನ್ನರಸಿ ಪ್ರವಾಹಕ್ಕೆ ಇದಿರಾಗಿ ಹೊರಡುವುವು. ಮಲೆನಾಡಿನಲ್ಲಿ ಇವನ್ನು ‘ಹತ್ತುಮೀನು’ ಎನ್ನುವರು. ಈ ಪಯಣಕ್ಕೆ ಹೊರಡಬೇಕಾದ ಮೀನು ರೋಗಕ್ಕೆ ತುತ್ತಾದರೆ ಏನಾಗುವುದು? ಅದು ಸಾಯಬಹುದು ಎಂಬುದಿಷ್ಟೇ ಉತ್ತರವಲ್ಲ. ಸಾಯುವ ಮುನ್ನ ಅದರ ನಡತೆಯೇ ಬದಲಾಗುವುದು.

ನಮ್ಮ ನಾಡು ಕಂಡ ಒಂದು ರೋಗವನ್ನೇ ತೆಗೆದುಕೊಳ್ಳೋಣ. ಮೀನಿನ ಮೈಮೇಲೆ ಕೆಂಪು ಚುಕ್ಕೆಯಾಗಿ ತೋರಿ, ಬಳಿಕ ಆಳವಾದ ಹುಣ್ಣಾಗುವ ಈ ವ್ಯಾಧಿಯು 1971ರಲ್ಲಿ ಜಪಾನಿನಲ್ಲಿ ಮೊದಲು ಕಂಡುಬಂದಿತು. 1988ರಲ್ಲಿ ಈಶಾನ್ಯ ಭಾರತವನ್ನು ಹೊಕ್ಕು, ಕೆಲವೇ ವರ್ಷಗಳಲ್ಲಿ ಕರ್ನಾಟಕವನ್ನೂ ಮುಟ್ಟಿತು. ಇಲ್ಲಿ ಅದು ಹರಡಿದ ಬಗೆಯನ್ನು ಕುರಿತು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು 1994ರಲ್ಲಿ ಲೇಖನ ಪ್ರಕಟಿಸಿದರು. ರೋಗಕ್ಕೆ ಕಾರಣ ಅಫನೋಮೈಸಿಸ್ ಇನ್ವಡಾನ್ಸ್ ಎಂಬ ಬೂಷ್ಟಿನಂತಹ ಜೀವಿ. ಅದರ ಬೀಜಾಣುಗಳು ನೀರಿನಲ್ಲಿ ಈಜಿ ಬಂದು ಮೀನಿನ ಚರ್ಮಕ್ಕೆ ಅಂಟುವುವು. ಅವುಗಳಿಂದ ಹೊರಟ ಎಳೆಗಳು ಮಾಂಸಖಂಡವನ್ನು ಕೊರೆಯುವುವು. ಮಳೆಗಾಲ ಮುಗಿದು ನೀರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ಗೆ ತಣಿದಾಗ ರೋಗ ಬಲಿಯುವುದು. ಕೊರವ, ಗೆಂಡೆ ಮೊದಲಾದವು ಸುಲಭವಾಗಿ ತುತ್ತಾಗುವುವು. ಜಿಲೇಬಿ ಮೀನು ಇದನ್ನು ತಡೆದುಕೊಳ್ಳಬಲ್ಲದು.

ರೋಗ ತಗುಲಿದ ಮೀನು ಮೇವು ಬಿಡುವುದು, ಮೈ ಕಪ್ಪಾಗುವುದು. ತಳದಲ್ಲಿ ಅಡಗಿರಬೇಕಾದ ಕೊರವವು ನೀರಿನ ಮೇಲೆ ತಲೆಯೆತ್ತಿ ತೇಲುವುದು. ಹದ್ದು, ಕೊಕ್ಕರೆಗಳಿಗೆ ಅದು ಸುಲಭದ ತುತ್ತು.

ಇಂತಹ ಮೀನು ಪ್ರವಾಹವನ್ನೇರಬಲ್ಲದೆ? ಇಲ್ಲಿ ಭೌತಶಾಸ್ತ್ರವು ನೆರವಾಗುವುದು. ನೀರಿನ ತಡೆಯು ಸುಮಾರಾಗಿ ವೇಗದ ವರ್ಗಕ್ಕನುಗುಣವಾಗಿಯೂ, ಅದನ್ನೆದುರಿಸಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕನುಗುಣವಾಗಿಯೂ ಹೆಚ್ಚುವುವು. ಎಂದರೆ, ಪ್ರವಾಹದ ವೇಗ ಇಮ್ಮಡಿಯಾದರೆ ಇದ್ದಲ್ಲೇ ನಿಲ್ಲುವುದಕ್ಕೂ ಮೀನು ಎಂಟು ಮಡಿ ಸಾಮರ್ಥ್ಯವನ್ನು ವ್ಯಯಿಸಬೇಕು. ಹುಣ್ಣು ಈ ಮಾಂಸಖಂಡವನ್ನೇ ತಿಂದಿರುವುದು. ಅಲ್ಲದೆ, ಮೀನಿನ ರಕ್ತವು ಹೊಳೆಯ ನೀರಿಗಿಂತ ಉಪ್ಪಾದುದರಿಂದ ಗಾಯದ ಮೂಲಕ ನೀರು ಒಳನುಗ್ಗುವುದು, ಲವಣಗಳು ಹೊರಸೋರುವುವು. ಇದನ್ನು ಸರಿದೂಗಿಸಲೂ ಶಕ್ತಿ ಬೇಕು. ಹೀಗೆ ರೋಗಿಯು ಹಿಂದುಳಿಯುವುದು, ಆರೋಗ್ಯವಂತ ಮೀನು ಮುಂದೆ ಸಾಗುವುದು. ವಲಸೆಯೇ ಇವನ್ನು ಬೇರ್ಪಡಿಸುವ ಜರಡಿಯಾಗಬಹುದೆಂದು ವಿಜ್ಞಾನಿಗಳು ತರ್ಕಿಸಿರುವರು. ರೋಗವಿದ್ದೂ ಈಜಬಲ್ಲ ಮೀನು ಮಾತ್ರ ಸೋಂಕನ್ನು ಹೊಸ ನೀರಿಗೆ ಒಯ್ಯಬಹುದು.

ಸವದತ್ತಿಯ ನವಿಲುತೀರ್ಥದಲ್ಲಿ 1972ರಲ್ಲಿ ಅಣೆಕಟ್ಟು ಮುಗಿದಂದಿನಿಂದ ಈ ಜರಡಿಗೆ ಅಡ್ಡಗೋಡೆ ಬಂದಿದೆ. ಬೈಲಹೊಂಗಲ, ಕಿತ್ತೂರುಗಳ ಕಡೆಯ ಹೊಳೆ ಕಟ್ಟೆಯ ಮೇಲುಭಾಗದಲ್ಲಿ, ರಾಮದುರ್ಗ ಕೆಳಭಾಗದಲ್ಲಿ. ರಾಮದುರ್ಗದಿಂದ ಹೊರಟ ಮೀನು ಗೋಡೆಯನ್ನೇರಲಾರದು. ದಾರಿ ತಡೆದಲ್ಲಿ ಮೀನುಗಳು ಒತ್ತೊತ್ತಾಗಿ ಸೇರುವುವು. ಒತ್ತಾಗಿ ಸೇರಿದಲ್ಲಿ ರೋಗ ಹರಡುವುದು ಸುಲಭ.

ನಡತೆಯ ಬದಲಾವಣೆಯಿಂದ ಲಾಭ ಯಾರಿಗೆ? ಕ್ಯಾಲಿಫೋರ್ನಿಯದ ಒಂದು ಚಿಕ್ಕ ಮೀನಿನ ಮಿದುಳನ್ನು ಸೇರುವ ಪರೋಪಜೀವಿ ಹುಳುವಿಗೆ ಮುಂದೆ ಹಕ್ಕಿಯ ಹೊಟ್ಟೆ ಬೇಕು. ಸೋಂಕಿದ ಮೀನು ಹೊರಳಾಡಿ ಮಿನುಗುತ್ತ ಹಕ್ಕಿಗೆ ಕಾಣಿಸಿಕೊಳ್ಳುವುದು. ಅಂತಹವು 10ರಿಂದ 30 ಪಟ್ಟು ಹೆಚ್ಚಾಗಿ ಬೇಟೆಯಾಗುವುವೆಂದು 1996ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಲ್ಲಿ ಲಾಭ ಹುಳುವಿನದು. ಆದರೆ ಸೋಂಕಿದ ಹೊನ್ನಮೀನು ಬೆಚ್ಚಗಿನ ನೀರನ್ನರಸಿ ಹೋಗಿ ತನ್ನ ಮೈಗೆ ತಾನೇ ಜ್ವರ ಬರಿಸಿಕೊಳ್ಳುವುದು. ಇಲ್ಲಿ ಲಾಭ ಮೀನಿನದು.

ಕೆರೆಗೆ ಸುಣ್ಣ ಹಾಕಿ ಈ ಹುಣ್ಣಿನ ರೋಗವನ್ನು ಹತೋಟಿಗೆ ತರಬಹುದು. ಹರಿಯುವ ಹೊಳೆಗೆ ಮದ್ದು ಹಾಕುವವರಾರು? ಕಣ್ಣಿಟ್ಟು ನೋಡುವುದೊಂದೇ ನಮ್ಮ ಕೈಯಲ್ಲಿರುವುದು. ಚಳಿಗಾಲದಲ್ಲಿ ಹೊಳೆಯ ದಡಕ್ಕೆ ಹೋದಾಗ ಹುಣ್ಣಾದ ಮೀನುಗಳು ಮೇಲೆ ತೇಲುತ್ತಿದ್ದರೆ ಮೀನುಗಾರಿಕೆ ಇಲಾಖೆಗೆ ತಿಳಿಸೋಣ. ಸತ್ತ ಮೀನನ್ನು ಮತ್ತೆ ನೀರಿಗೆಸೆಯದೆ ಹೂಳುವಂತೆಯೂ, ಒಂದು ನೀರಿನ ಬಲೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸದೆ ಇನ್ನೊಂದಕ್ಕೆ ಬೀಸದಂತೆಯೂ ತಿಳಿಯಹೇಳೋಣ. ಮೀನಿಗೆ ಮಾತಿಲ್ಲ, ಅದರ ನಡೆಯೇ ಅದರ ಮಾತು.