ಶಿಕ್ಷಕರ ವೇತನ: ಕಾನೂನು ಎಳೆದ ಗೆರೆ, ಸಮಾಜ ಹೊರಬೇಕಾದ ಹೊಣೆ

ಶರಣಧರ್ಮದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಯ್ದಕ್ಕಿ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿಯವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಮನೆಮನೆಯ ಮಾತು. ಸಲ್ಲುವುದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ತಪ್ಪೆಂದು ಆ ತಾಯಿ ಕಲಿಸಿದರು. ಹಾಗಾದರೆ, ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಡುವುದು ಸರಿಯೆ? ನೂರಾರು ಶಾಲೆಗಳನ್ನು ಕಟ್ಟಿದ ನಮ್ಮ ಸಮಾಜವು ಈ ಪ್ರಶ್ನೆಯನ್ನು ಎದುರಿಸಲೇಬೇಕಾಗಿದೆ.

1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಮಹನೀಯರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಪ್ತರ್ಷಿಗಳೆಂದು ನಾವು ಗೌರವಿಸುವ ಅವರು ಸ್ವಂತ ಸುಖವನ್ನು ಬದಿಗಿಟ್ಟು ದುಡಿದರು. ಆದರೆ ಆ ತ್ಯಾಗ ಅವರೇ ಮನಸಾರೆ ಆರಿಸಿಕೊಂಡದ್ದು. ಒಬ್ಬರು ತಾವಾಗಿ ಮಾಡಿದ ತ್ಯಾಗವನ್ನು ಮುಂದಿಟ್ಟುಕೊಂಡು, ಇನ್ನೊಬ್ಬರ ಮೇಲೆ ಕಡಿಮೆ ವೇತನವನ್ನು ಹೇರುವುದು ದಾಸೋಹವಾಗಲಾರದು.

ವೇತನವನ್ನು ಆಡಳಿತ ಮಂಡಳಿಯ ಮರ್ಜಿಗೆ ಬಿಡಬಾರದೆಂಬ ವಿಚಾರ ನಮ್ಮ ರಾಜ್ಯದ ಕಾನೂನಿನಲ್ಲಿಯೂ ಇದೆ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು 1995ರ ಜನವರಿಯಲ್ಲಿ ಜಾರಿಗೆ ಬಂದಿತು. ಖಾಸಗಿ ಸಂಸ್ಥೆಗಳ ನೌಕರರ ವೇತನ, ಭತ್ಯೆ ಹಾಗೂ ಸೇವಾ ಷರತ್ತುಗಳ ವಿಷಯವೂ ಅದರಲ್ಲಿ ಸೇರಿದೆ. ಸರ್ಕಾರಿ ಶಾಲೆಯ ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ವೇತನ ಶ್ರೇಣಿಯನ್ನು ರಾಜ್ಯದ ನಿಯಮಗಳೇ ಗೊತ್ತುಪಡಿಸುತ್ತವೆ. ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ನೌಕರರ ಕನಿಷ್ಠ ಮೂಲ ವೇತನವು 17,000 ರೂಪಾಯಿಗಳಿಂದ 27,000 ರೂಪಾಯಿಗಳಿಗೆ ಏರಿತು. ಅನುದಾನಿತ ಶಾಲೆಗಳಲ್ಲಿ ಅನುದಾನಕ್ಕೆ ಒಳಪಟ್ಟ ಹುದ್ದೆಗಳ ವೇತನವನ್ನು ಸರ್ಕಾರವೇ ಭರಿಸುತ್ತದೆ.

ಆದರೆ ಅನುದಾನವು ಶಾಲೆ ತೆರೆದ ದಿನವೇ ಬರುವುದಿಲ್ಲ. ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಆ ಅವಧಿಯಲ್ಲಿ ಅಲ್ಪ ಸಂಭಾವನೆಗೆ ದುಡಿದವರ ಸೇವೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದೇ ಕಾಲ್ಪನಿಕ ವೇತನ ಬಡ್ತಿಯ ಬೇಡಿಕೆ. ಈ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕೊನೆಗೆ 2014ರಲ್ಲಿ ರಾಜ್ಯ ಶಾಸನಸಭೆಯು ಖಾಸಗಿ ಅನುದಾನಿತ ಶಿಕ್ಷಣ ಸಂಸ್ಥೆಗಳ ನೌಕರರ ವೇತನ, ನಿವೃತ್ತಿ ವೇತನ ಮತ್ತು ಇತರ ಸೌಲಭ್ಯಗಳನ್ನು ನಿಯಂತ್ರಿಸುವ ಅಧಿನಿಯಮವನ್ನು ಅಂಗೀಕರಿಸಿತು. ಅನುದಾನಕ್ಕೆ ಮೊದಲಿನ ಸೇವೆಯು ಈ ಸೌಲಭ್ಯಗಳ ಲೆಕ್ಕಕ್ಕೆ ಬಾರದೆಂಬುದೇ ಅದರ ತಿರುಳು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿದವರಿಗೆ ಮೂವತ್ತೈದರಲ್ಲಿ ಅನುದಾನ ದೊರೆತರೆ, ಅವರು ಅಂದು ಹೊಸದಾಗಿ ಸೇವೆಗೆ ಸೇರಿದಂತೆಯೇ ಲೆಕ್ಕ. ಹತ್ತು ವರ್ಷಗಳ ವಾರ್ಷಿಕ ಬಡ್ತಿ ಇಲ್ಲ. ಅರವತ್ತಕ್ಕೆ ನಿವೃತ್ತರಾಗುವಾಗ ಮೂವತ್ತೈದು ವರ್ಷ ಪಾಠ ಹೇಳಿದವರ ಹೆಸರಿನಲ್ಲಿ ಉಳಿಯುವುದು ಇಪ್ಪತ್ತೈದು ವರ್ಷಗಳು ಮಾತ್ರ.

ಸರ್ಕಾರದ ನಿಲುವಿಗೂ ಒಂದು ತರ್ಕವುಂಟು. ಅನುದಾನಕ್ಕೆ ಮುನ್ನ ಆ ಶಿಕ್ಷಕರನ್ನು ನೇಮಿಸಿದ್ದು ಆಡಳಿತ ಮಂಡಳಿಯೇ ಹೊರತು ಸರ್ಕಾರವಲ್ಲ. ಆ ವರ್ಷಗಳ ಭಾರವನ್ನು ಬೊಕ್ಕಸದ ಮೇಲೆ ಹೊರಿಸಲಾಗದು ಎಂಬುದು ಅದು. ಈ ತರ್ಕವನ್ನು ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಹತ್ತು ವರ್ಷಗಳು ಸರ್ಕಾರದ್ದಲ್ಲವಾದರೆ ಯಾರವು? ಅವು ಸಂಸ್ಥೆಯವು, ಸಂಸ್ಥೆಯನ್ನು ಕಟ್ಟಿದ ಸಮಾಜದವು. ಅಂದು ಓದಿದವರು ನಮ್ಮ ಮಕ್ಕಳೇ ಅಲ್ಲವೆ?

ಅನುದಾನದ ನೆರಳೇ ಇಲ್ಲದ ಶಾಲೆಗಳ ಶಿಕ್ಷಕರ ವಿಷಯದಲ್ಲಿ ಕಾನೂನು ನಿಧಾನವಾಗಿಯಾದರೂ ಮುಂದೆ ನಡೆದಿದೆ. ಉಪದಾನದ ಕಾಯಿದೆಯಲ್ಲಿದ್ದ ನೌಕರ ಎಂಬ ಪದದ ಅರ್ಥದಲ್ಲಿ ಶಿಕ್ಷಕರು ಸೇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ತೀರ್ಪಿತ್ತಿತ್ತು. ಸಂಸತ್ತು 2009ರಲ್ಲಿ ಕಾಯಿದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. 2022ರಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಕಾನೂನು ಎಳೆದ ಗೆರೆ ಕನಿಷ್ಠ ಮಿತಿ. ಧರ್ಮದ ಹೊಣೆ ಅಲ್ಲಿಗೆ ಮುಗಿಯದು. ನಮ್ಮ ಮಠಗಳ ಹಾಗೂ ಸಂಘಗಳ ಶಾಲೆಗಳಲ್ಲಿ ಪ್ರತಿಯೊಬ್ಬ ಶಿಕ್ಷಕರಿಗೂ ಲಿಖಿತ ನೇಮಕಾತಿ ಆದೇಶ ದೊರೆಯಲಿ. ಸಹಿ ಒಂದು ಮೊತ್ತಕ್ಕೆ, ಕೈಗೆ ಬರುವುದು ಇನ್ನೊಂದು ಎಂಬಂತಾಗದೆ ವೇತನವು ಬ್ಯಾಂಕಿನ ಮೂಲಕವೇ ಸಲ್ಲಲಿ. ಭವಿಷ್ಯ ನಿಧಿಯ ವಂತಿಗೆ ತಪ್ಪದಿರಲಿ. ಅನುದಾನಕ್ಕೆ ಮುನ್ನ ದುಡಿದು ನಿವೃತ್ತರಾದವರಿಗಾಗಿ ಪ್ರತಿಯೊಂದು ಸಂಸ್ಥೆಯೂ ಒಂದು ಕ್ಷೇಮ ನಿಧಿಯನ್ನು ಸ್ಥಾಪಿಸಲಿ. ಹೊಸ ಕಟ್ಟಡಕ್ಕೆ ಕೊಡುಗೈಯಿಂದ ನೀಡುವ ದಾನಿಗಳು ಈ ನಿಧಿಗೂ ಒಂದು ಪಾಲನ್ನು ಮೀಸಲಿಡಲಿ.

ಶಿಲಾಫಲಕದ ಮೇಲೆ ದಾನಿಗಳ ಹೆಸರು ಉಳಿಯುತ್ತದೆ. ಪಾಠ ಹೇಳಿದವರ ಹೆಸರು ಮಕ್ಕಳ ಮನಸ್ಸಿನಲ್ಲಿ ಮಾತ್ರ ಉಳಿಯುತ್ತದೆ. ಅವರ ಮುಪ್ಪಿನ ದಿನಗಳನ್ನು ನೆಮ್ಮದಿಯಿಂದ ಕಳೆಯುವಂತೆ ಮಾಡುವುದೂ ಗುರುಸೇವೆಯೇ. ಬಂಧುಗಳು ಈ ಬಗ್ಗೆ ಯೋಚಿಸಿ, ತಮ್ಮ ಊರಿನ ಸಂಸ್ಥೆಯ ಮುಂದಿನ ಸಭೆಯಲ್ಲಿಯೇ ಈ ಮಾತನ್ನು ಎತ್ತಬೇಕೆಂದು ವಿನಂತಿ.